ಮುಟ್ಟು ನಿಲ್ಲುವ ಕಾಲ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

"ಮುಟ್ಟು ನಿಲ್ಲೋ ವಯಸ್ಸಲ್ಲಿ ಇದೆಲ್ಲಾ ಇದ್ದಿದ್ದೇ, ಸ್ವಲ್ಪ ದಿನ ತಡ್ಕೊಂಡ್ರೆ ಸರಿಹೋಗುತ್ತೆ." ಈ ಮಾತು ಅರ್ಧ ಮಾತ್ರ ನಿಜ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು ಹೆಚ್ಚಿನವರಲ್ಲಿ ಕೆಲವು ವರ್ಷಗಳಲ್ಲಿ ತಾನಾಗಿ ತಗ್ಗುತ್ತವೆ. ಯೋನಿ ಒಣಗುವುದು, ಮೂಳೆ ಸವೆಯುವುದು ಹಾಗಲ್ಲ, ಬಿಟ್ಟಷ್ಟೂ ಹೆಚ್ಚುತ್ತವೆ. ತಾನಾಗಿ ತಗ್ಗುವ ತೊಂದರೆಯನ್ನೂ ಅಷ್ಟು ವರ್ಷ ಸುಮ್ಮನೆ ಸಹಿಸಬೇಕೆಂದೇನಿಲ್ಲ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಎಂದು ಲೆಕ್ಕ. ಹೆಚ್ಚಿನವರಿಗೆ ಇದು 45ರಿಂದ 55ರೊಳಗೆ ಆಗುತ್ತದೆ. ತೊಂದರೆಗಳು ಮಾತ್ರ ಅದಕ್ಕೂ ಕೆಲವು ವರ್ಷ ಮೊದಲೇ, ಮುಟ್ಟು ಇನ್ನೂ ಬರುತ್ತಿರುವಾಗಲೇ ಶುರುವಾಗುತ್ತವೆ. ಒಂದು ಚಕ್ರಕ್ಕೂ ಮುಂದಿನದಕ್ಕೂ 7 ದಿನ ಅಥವಾ ಹೆಚ್ಚು ವ್ಯತ್ಯಾಸ ಪದೇ ಪದೇ ಕಾಣಿಸಿಕೊಂಡರೆ ಅದು ಮೊದಲ ಸುಳಿವು. 60 ದಿನ ದಾಟಿದರೂ ಮುಟ್ಟು ಬಾರದಿರುವುದು ಶುರುವಾದರೆ ಕೊನೆಯ ಹಂತ ಹತ್ತಿರ ಬಂದಂತೆ. ಗರ್ಭಕೋಶ ತೆಗೆಸಿ ಅಂಡಾಶಯ ಉಳಿಸಿಕೊಂಡವರಿಗೆ ಈ ಲೆಕ್ಕ ಸಿಗುವುದಿಲ್ಲ, ಅವರು ಲಕ್ಷಣಗಳನ್ನೇ ಗಮನಿಸಬೇಕು. ಎರಡೂ ಅಂಡಾಶಯ ತೆಗೆಸಿದವರಿಗೆ ಎಲ್ಲವೂ ಒಮ್ಮೆಗೇ, ಜೋರಾಗಿಯೇ ಬರುತ್ತದೆ. 40ಕ್ಕಿಂತ ಮೊದಲೇ ನಿಂತರೆ ತಪಾಸಣೆ ಬೇಕೇ ಬೇಕು. ಅಂಥವರಿಗೆ ಮೂಳೆ, ಹೃದಯದ ರಕ್ಷಣೆಗಾಗಿ ಸಾಮಾನ್ಯವಾಗಿ ಸಹಜ ವಯಸ್ಸು ಬರುವವರೆಗೂ ಹಾರ್ಮೋನ್ ಕೊಡುತ್ತಾರೆ.

45 ದಾಟಿದವರಿಗೆ ಹಾರ್ಮೋನ್ ರಕ್ತಪರೀಕ್ಷೆಯಿಂದ ಹೆಚ್ಚು ಉಪಯೋಗವಿಲ್ಲ. ಎಫ್‌ಎಸ್‌ಎಚ್ (ಅಂಡ ಬೆಳೆಯಲು ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್) ಮಟ್ಟ ಇವತ್ತು ಏರಿ ಮುಂದಿನ ತಿಂಗಳು ಇಳಿಯಬಹುದು. ಅದಕ್ಕಿಂತ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಕೆಲಸಕ್ಕೆ ಬರುತ್ತವೆ. ಎದೆ ಡವಗುಟ್ಟುವುದು, ಸುಸ್ತು, ಬೆವರು, ನಿದ್ದೆಗೇಡು ಥೈರಾಯ್ಡ್‌ನಿಂದಲೋ ರಕ್ತಹೀನತೆಯಿಂದಲೋ ಬಂದಿದ್ದರೂ ವಯಸ್ಸಿನ ತಲೆಗೆ ಕಟ್ಟಿಬಿಡುತ್ತೇವೆ. ಇನ್ನೊಂದು ಮಾತು: ಮುಟ್ಟು ಏರುಪೇರಾದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದಲ್ಲ. ಕೊನೆಯ ಮುಟ್ಟು 50ರ ಮೊದಲು ಆಗಿದ್ದರೆ 2 ವರ್ಷ, ನಂತರ ಆಗಿದ್ದರೆ 1 ವರ್ಷ ಗರ್ಭನಿರೋಧಕ ಮುಂದುವರಿಸಬೇಕು.

ಎರಡು ಮೂರು ತಿಂಗಳು ಬಿಟ್ಟು ಬರುವ ಮುಟ್ಟು ಒಮ್ಮೊಮ್ಮೆ ವಿಪರೀತವಾಗಿ ಹೋಗುತ್ತದೆ. ಅಂಡಾಶಯ ತಯಾರಿಸುವ ಮುಖ್ಯ ಹಾರ್ಮೋನ್‌ಗಳು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಸಾಕಷ್ಟು ತಯಾರಾಗುವುದಿಲ್ಲ. ಈಸ್ಟ್ರೋಜನ್ ಒಂದೇ ಕೆಲಸ ಮಾಡುತ್ತಾ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ, ಕೊನೆಗೆ ಅದು ಕಳಚುವಾಗ ರಕ್ತ ಹೆಚ್ಚು ಹೋಗುತ್ತದೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವುದು ಎರಡು ಮೂರು ಗಂಟೆ ಮುಂದುವರಿದರೆ, ಅಥವಾ ತಲೆ ಸುತ್ತಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. 7 ದಿನಕ್ಕಿಂತ ಹೆಚ್ಚು ಹೋಗುವುದು, 21 ದಿನದೊಳಗೆ ಮತ್ತೆ ಬರುವುದು, ನಡುವೆ ಮತ್ತು ಸಂಭೋಗದ ನಂತರ ರಕ್ತ ಕಾಣುವುದು ಕೂಡ ತೋರಿಸಬೇಕಾದವೇ.

ಇನ್ನು ಹಾಟ್ ಫ್ಲಾಶ್, ಅಂದರೆ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು. ಮಿದುಳಿನಲ್ಲಿ ಮೈಯ ಉಷ್ಣತೆ ಕಾಯುವ ಕೇಂದ್ರವೊಂದಿದೆ. ಈಸ್ಟ್ರೋಜನ್ ಇಳಿದಾಗ ಅದು ಅತಿ ಸೂಕ್ಷ್ಮವಾಗಿ, ಮೈ ಒಂಚೂರು ಬೆಚ್ಚಗಾದರೂ ತೀರ ಕಾದುಹೋದಂತೆ ವರ್ತಿಸುತ್ತದೆ. ರಕ್ತನಾಳಗಳು ಹಿಗ್ಗಿ ಎದೆ, ಕುತ್ತಿಗೆ, ಮುಖ ಕೆಂಪಾಗುತ್ತವೆ, ಬೆವರು ಕಿತ್ತುಕೊಂಡು ಬರುತ್ತದೆ, ಹಿಂದೆಯೇ ಚಳಿ. ಒಂದೊಂದು ಸಲ ಸಾಮಾನ್ಯವಾಗಿ 1ರಿಂದ 5 ನಿಮಿಷ. ಒಂದರ ಮೇಲೊಂದು ತೆಳು ಹತ್ತಿಬಟ್ಟೆ ತೊಡುವುದು, ಮಲಗುವ ಕೋಣೆ ತಂಪಾಗಿಡುವುದು, ದಪ್ಪ ಹೊದಿಕೆಯ ಬದಲು ಎರಡು ತೆಳು ಹೊದಿಕೆ ಇಟ್ಟುಕೊಳ್ಳುವುದು ಆ ಹೊತ್ತಿನ ಕಷ್ಟ ಕಡಿಮೆ ಮಾಡುತ್ತವೆ, ಎಷ್ಟು ಸಲ ಬರುತ್ತದೆ ಎಂಬುದನ್ನಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಫ್ಯಾನು, ತಣ್ಣೀರು ಎಂದು ಮಾಡಿಯೂ ಕಡಿಮೆಯಾಗದಾಗ ಹೆಂಗಸರು ತಮ್ಮನ್ನೇ ದೂರಿಕೊಳ್ಳುತ್ತಾರೆ. ತೂಕ ಹೆಚ್ಚಿದ್ದವರು ತೂಕ ಇಳಿಸಿದರೆ, ಸಿಗರೇಟು ಬಿಟ್ಟರೆ ಅನುಕೂಲವಾಗಬಹುದು. ಸೋಯಾ ಮಾತ್ರೆ, ಗಿಡಮೂಲಿಕೆ ಕ್ಯಾಪ್ಸೂಲ್‌ಗಳಿಗೆ ನಂಬುವಂಥ ಪುರಾವೆ ಇಲ್ಲ.

ಹಾಟ್ ಫ್ಲಾಶ್‌ಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆ. ಅದರ ಹೆಸರೆತ್ತಿದರೆ ಕ್ಯಾನ್ಸರ್ ಎಂಬ ಹೆದರಿಕೆ ಹರಡಿದ್ದು ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ. ಅದರಲ್ಲಿದ್ದವರ ಸರಾಸರಿ ವಯಸ್ಸು 63, ಅಂದರೆ ಹೆಚ್ಚಿನವರಿಗೆ ಮುಟ್ಟು ನಿಂತು ಬಹಳ ವರ್ಷವಾಗಿತ್ತು. ಅಲ್ಲಿ ಕಂಡ ಹೆಚ್ಚುವರಿ ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಮಂದಿಗೆ ಸುಮಾರು 8. ಅಪಾಯ ಸೊನ್ನೆ ಅಲ್ಲ. ಆದರೆ 60ಕ್ಕಿಂತ ಕಡಿಮೆ ವಯಸ್ಸಿನ, ಅಥವಾ ಮುಟ್ಟು ನಿಂತು 10 ವರ್ಷ ದಾಟದ, ಬೇರೆ ಅಡ್ಡಿ ಇಲ್ಲದ ಹೆಂಗಸಿಗೆ ತೊಂದರೆ ಜೋರಾಗಿದ್ದರೆ ಲಾಭವೇ ಹೆಚ್ಚು ಎಂಬುದು ಇಂದಿನ ತಜ್ಞರ ನಿಲುವು. ಸ್ತನ ಕ್ಯಾನ್ಸರ್ ಆದವರು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಾಮಾನ್ಯವಾಗಿ ಆಗದು.

ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಲೇಬಾರದು. ಒಳಪದರ ದಪ್ಪವಾಗಿ ಕ್ಯಾನ್ಸರ್‌ಗೆ ದಾರಿಯಾಗಬಹುದು. ಜೊತೆಗೆ ಪ್ರೊಜೆಸ್ಟರಾನ್ ಬೇಕು, ಸಾಮಾನ್ಯವಾಗಿ ದಿನಾ ರಾತ್ರಿ 100 ಮಿಲಿಗ್ರಾಂ, ಅಥವಾ ತಿಂಗಳಲ್ಲಿ 12 ದಿನ 200 ಮಿಲಿಗ್ರಾಂ. ಇದು ನಿದ್ದೆ ಬರಿಸುತ್ತದೆ, ಹಾಗಾಗಿ ಮಲಗುವಾಗಲೇ ನುಂಗಬೇಕು. ಇಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ, ಪ್ರೊಜೆಸ್ಟರಾನ್‌ನಿಂದ ಹೊಟ್ಟೆ ಉಬ್ಬರಿಸುತ್ತದೆಂದು ಅದನ್ನು ಮಾತ್ರ ಬಿಟ್ಟು ಈಸ್ಟ್ರೋಜನ್ ಮುಂದುವರಿಸುವುದು. ಸರಿಹೋಗದಿದ್ದರೆ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿ, ನೀವೇ ಬಿಡಬೇಡಿ. ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪ್ಯಾಚ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಜೆಲ್ ಹಚ್ಚಿದ ಮೇಲೆ ಕೈ ತೊಳೆಯಿರಿ, ಪೂರ್ತಿ ಒಣಗುವವರೆಗೆ ಆ ಜಾಗ ಮಕ್ಕಳ ಮೈಗೆ ತಾಗದಿರಲಿ. ಗುಣ ಕಾಣಲು ಕೆಲವು ವಾರ, ಪೂರ್ತಿ ಪರಿಣಾಮ ತಿಳಿಯಲು 3 ತಿಂಗಳು ಬೇಕು. ಎರಡನೇ ವಾರಕ್ಕೇ ಕೈಬಿಡಬೇಡಿ.

ಹಾರ್ಮೋನ್ ಬೇಡವಾದವರಿಗೆ ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್, ಗ್ಯಾಬಾಪೆಂಟಿನ್ ಎಂಬ ಔಷಧಗಳಿವೆ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರಿಗೆ ಪ್ಯಾರಾಕ್ಸೆಟಿನ್ ತಕ್ಕದ್ದಲ್ಲ, ಆ ಔಷಧದ ಪರಿಣಾಮವನ್ನೇ ಅದು ತಗ್ಗಿಸಬಹುದು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫೆಜೊಲಿನೆಟಂಟ್ ನೇರವಾಗಿ ಮಿದುಳಿನ ಆ ಉಷ್ಣ ಕೇಂದ್ರದ ಮೇಲೆ ಕೆಲಸ ಮಾಡುತ್ತದೆ, ಅದಕ್ಕೆ ಯಕೃತ್ತಿನ ಪರೀಕ್ಷೆ ಆಗಾಗ ಆಗಬೇಕು. ಮನಶ್ಶಾಸ್ತ್ರಜ್ಞರು ಕಲಿಸುವ ಸಿಬಿಟಿ ಎಂಬ ಕ್ರಮಬದ್ಧ ಅಭ್ಯಾಸ ಹಾಟ್ ಫ್ಲಾಶ್‌ನ ಕಾಟಕ್ಕೂ ನಿದ್ದೆಗೂ ನೆರವಾಗುತ್ತದೆ. ಅದರಲ್ಲಿ ಮನೆಯಲ್ಲೇ ಮಾಡಬಹುದಾದ್ದು ಇಷ್ಟು: ರಾತ್ರಿ ಎಷ್ಟೇ ಹೊತ್ತಾಗಿ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ ಕೂತು ತೂಕಡಿಕೆ ಬಂದಾಗ ಮರಳುವುದು. ಹಿಂದೆ ಖಿನ್ನತೆ ಬಂದಿದ್ದವರಿಗೆ ಈ ವರ್ಷಗಳಲ್ಲಿ ಅದು ಮರುಕಳಿಸುವುದು ಹೆಚ್ಚು. ಎರಡು ವಾರ ಸತತ ಮನಸ್ಸು ಕುಗ್ಗಿದ್ದರೆ ಅದನ್ನು "ಮೂಡ್" ಎಂದು ತಳ್ಳಿಹಾಕದೆ ಚಿಕಿತ್ಸೆ ಪಡೆಯಿರಿ.

ಯಾರೂ ಬಾಯಿಬಿಟ್ಟು ಹೇಳದ ವಿಷಯ ಯೋನಿ ಒಣಗುವುದು. ಪದರ ತೆಳುವಾಗಿ, ಆಮ್ಲೀಯತೆ ಇಳಿದು, ಉರಿ, ತುರಿಕೆ, ಸಂಭೋಗದಲ್ಲಿ ನೋವು, ಪದೇ ಪದೇ ಮೂತ್ರದ ಸೋಂಕು. ಇದು ವರ್ಷ ಕಳೆದಂತೆ ಕಡಿಮೆಯಾಗುವುದಿಲ್ಲ. ಯೋನಿ ಮಾಯಿಶ್ಚರೈಸರ್ ವಾರಕ್ಕೆ 2-3 ಸಲ, ಸಂಭೋಗದ ಹೊತ್ತಿಗೆ ಲೂಬ್ರಿಕೆಂಟ್. ಇವೆರಡೂ ಬೇರೆ ಬೇರೆ, ಒಂದಿದ್ದರೆ ಇನ್ನೊಂದು ಬೇಡವೆಂದಲ್ಲ. ಎಣ್ಣೆ ಹಚ್ಚಿದರೆ ಲೇಟೆಕ್ಸ್ ಕಾಂಡೋಮ್ ಹರಿಯಬಹುದು. ಸಾಲದಿದ್ದರೆ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಅಥವಾ ಮಾತ್ರೆಯನ್ನು ಯೋನಿಯೊಳಗೆ 2 ವಾರ ದಿನಾ, ಆಮೇಲೆ ವಾರಕ್ಕೆ 2 ಸಲ ಇಡಬೇಕು. ರಕ್ತಕ್ಕೆ ಸೇರುವುದು ತೀರ ಕಡಿಮೆ, ಇದಕ್ಕೆ ಪ್ರೊಜೆಸ್ಟರಾನ್ ಸಾಮಾನ್ಯವಾಗಿ ಬೇಕಿಲ್ಲ. ಗುಣವಾಯಿತೆಂದು ನಿಲ್ಲಿಸಿದರೆ ತೊಂದರೆ ಮರಳುತ್ತದೆ. ಸೋಪು, ಪರಿಮಳದ ದ್ರವ ಹಾಕಿ ಒಳಗೆ ತೊಳೆಯುವುದು ಉರಿ ಹೆಚ್ಚಿಸುತ್ತದೆ.

ಕೆಮ್ಮಿದಾಗ ಮೂತ್ರ ಜಿನುಗಿದರೆ ಕೆಳಸ್ನಾಯುಗಳ ವ್ಯಾಯಾಮ ಮಾಡಿ. ಗಾಳಿ ಹೋಗದಂತೆ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆದು 5 ಸೆಕೆಂಡು ಹಿಡಿಯಿರಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. 10 ಸಲ, ದಿನಕ್ಕೆ 3 ಬಾರಿ. ಕ್ರಮೇಣ 10 ಸೆಕೆಂಡಿಗೆ ಏರಿಸಿ. ಉಸಿರು ಕಟ್ಟುವುದು, ಪೃಷ್ಠ ಬಿಗಿಯುವುದು, ಕೆಳಕ್ಕೆ ಮುಕ್ಕುವುದು, ಈ ಮೂರೂ ಆಗಬಾರದು. ಫಲ ಕಾಣಲು 3 ತಿಂಗಳು ಹಿಡಿಯಬಹುದು.

ಮುಟ್ಟು ನಿಂತ ಮೊದಲ ವರ್ಷಗಳಲ್ಲೇ ಮೂಳೆ ವೇಗವಾಗಿ ಸವೆಯುತ್ತದೆ, ನೋವೇ ಇಲ್ಲದೆ. 50 ದಾಟಿದವರಿಗೆ ಆಹಾರವೂ ಸೇರಿ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು. ಮಾತ್ರೆ ಬೇಕಾದರೆ ಒಂದು ಸಲಕ್ಕೆ 500 ದಾಟಬೇಡಿ, ಅದಕ್ಕಿಂತ ಹೆಚ್ಚಿನದು ಸರಿಯಾಗಿ ಹೀರಿಕೆಯಾಗದು. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಾದರೆ ಊಟದೊಂದಿಗೆ, ಥೈರಾಯ್ಡ್ ಮಾತ್ರೆಗೂ ಅದಕ್ಕೂ 4 ಗಂಟೆ ಅಂತರ. ವಾರಕ್ಕೆ 2 ದಿನವಾದರೂ ಭಾರ ಎತ್ತುವ ವ್ಯಾಯಾಮ ಇರಲಿ, ನಡಿಗೆಯೊಂದೇ ಸಾಲದು. ಸಣ್ಣ ಬೀಳುವಿಕೆಗೇ ಮೂಳೆ ಮುರಿದವರು, ಬೇಗ ಮುಟ್ಟು ನಿಂತವರು, ಸ್ಟೀರಾಯ್ಡ್ ಮಾತ್ರೆ ನುಂಗುವವರು 65ರವರೆಗೆ ಕಾಯದೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ.

12 ತಿಂಗಳ ಲೆಕ್ಕ ಮುಗಿದ ಮೇಲೆ ಒಂದು ಹನಿ ರಕ್ತ ಕಂಡರೂ, ಅದು ಬರೀ ಕಂದು ಕಲೆಯಾಗಿದ್ದರೂ, "ಮತ್ತೆ ಮುಟ್ಟಾಯಿತು" ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಕಾರಣ ಸಣ್ಣದೇ ಇರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದೂ ಹೀಗೆಯೇ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪವಿದ್ದರೆ ಚೂರು ತೆಗೆದು ಪರೀಕ್ಷಿಸುತ್ತಾರೆ. ಪದರ ತೆಳುವಾಗಿದ್ದೂ ರಕ್ತ ಮತ್ತೆ ಕಂಡರೆ ಆಗಲೂ ಆ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ.