ಜಿಟಿಜಿಟಿ ಮಳೆಗೆ ಗುಡ್ಡದ ಮೇಲಂಚೇ ಸರಿ

ಸೆಪ್ಟೆಂಬರ್ 22, 2024, ಭಾನುವಾರ
ಮಣಿಪಾಲದಲ್ಲಿ ಹಕ್ಕಿ ವೀಕ್ಷಣೆ, ಬೆಳಿಗ್ಗೆ 6.30ರಿಂದ 9. ಜಿಟಿಜಿಟಿ ಮಳೆ, ಗಾಳಿ ಇಲ್ಲ.

ಮೋಡ ಕವಿದ ದಿನ ಮರದ ಬುಡದಲ್ಲಿ ನಿಂತು ಕತ್ತೆತ್ತಿದರೆ ಎಲ್ಲ ಹಕ್ಕಿಯೂ ಕಪ್ಪು. ಹಿಂದಿನ ಆಕಾಶ ಬೆಳ್ಳಗಿರುವುದರಿಂದ ಬಣ್ಣ ಸತ್ತುಹೋಗುತ್ತದೆ, ಮೇಲಾಗಿ ಲೆನ್ಸಿನ ಮೇಲೆ ಹನಿ. ಇಲ್ಲಿನ ಗುಡ್ಡದ ತುದಿಯ ಎಂಡ್ ಪಾಯಿಂಟ್ ಉದ್ಯಾನದಂಥ ಕಡೆ ಮೇಲಂಚಿನಲ್ಲಿ ನಿಂತರೆ, ಸ್ವರ್ಣಾ ನದಿಯತ್ತ ಇಳಿಯುವ ಇಳಿಜಾರಿನ ಮರದ ತುದಿಗಳು ಕಣ್ಣಿನ ಮಟ್ಟಕ್ಕೇ ಸಿಗುತ್ತವೆ. ಹಕ್ಕಿಯ ಹಿಂದೆ ಹಸಿರು ಇರುತ್ತದೆ. ಕೆಮ್ಮೀಸೆ ಪಿಕಳಾರದ ಕೆನ್ನೆಯ ಕೆಂಪು ಇವತ್ತು ಸ್ಪಷ್ಟವಾಗಿ ಕಂಡದ್ದು ಹೀಗೆ.

ಮಳೆ ಜೋರಾದಾಗ ಹುಡುಕಿ ಫಲವಿಲ್ಲ. ಹನಿ ಕಡಿಮೆಯಾದ ಮೇಲಿನ ಹತ್ತು ಹದಿನೈದು ನಿಮಿಷವೇ ಬಂಗಾರ: ರೆಕ್ಕೆ ಕೊಡವಿ ಗರಿ ತೀಡಿಕೊಳ್ಳಲು ಹಕ್ಕಿಗಳು ಬೋಳು ಗೆಲ್ಲಿಗೆ ಬರುತ್ತವೆ. ನಡೆಯುವುದಕ್ಕಿಂತ ಅಂಥ ಒಂದು ಗೆಲ್ಲು ನೋಡಿಟ್ಟು ನಿಲ್ಲುವುದು ಮೇಲು. ಒದ್ದೆ ಗರಿ ಮೈಗಂಟಿ ಹಕ್ಕಿ ಸಣ್ಣದಾಗಿ ಕಾಣುತ್ತದೆ. ಸೂರಕ್ಕಿಯ ಹೊಳಪಂತೂ ಬೆಳಕು ಬೀಳುವ ಕೋನದ್ದು, ಮೋಡದಲ್ಲಿ ಬರೀ ಕಪ್ಪು. ಆದ್ದರಿಂದ ಬಣ್ಣಕ್ಕಿಂತ ಕೊಕ್ಕು, ಬಾಲ, ಕೂಗು ನಂಬಬೇಕು. ನವಿಲಿನಲ್ಲೂ ಈಗ ಮೋಸ ಹೋಗುತ್ತೇವೆ. ಉದ್ದ ಗರಿ ಉದುರಿಸಿದ ಗಂಡನ್ನು ಹೆಣ್ಣೆಂದು ಬರೆದುಬಿಡುತ್ತೇವೆ. ಕತ್ತು ಎದೆಯ ನೀಲಿ ನೋಡಿ.

ದುರ್ಬೀನು 8×42 ಇರಲಿ, ಅಂದರೆ 8 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು. 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿ.ಮೀ.; ಜೇಬಿನ 10×25ರಲ್ಲಿ ಅದು 2.5 ಮಾತ್ರ. ಮಬ್ಬಿನಲ್ಲಿ ಈ ವ್ಯತ್ಯಾಸ ಬಹಳ. ಎಸಿ ಕಾರಿನಿಂದ ಇಳಿದ ಕೂಡಲೇ ಹೊರತೆಗೆದರೆ ತಣ್ಣನೆಯ ಗಾಜಿನ ಮೇಲೆ ಹಬೆ ಕಟ್ಟುತ್ತದೆ. ಹಕ್ಕಿ ನೋಡುವ ಜಾಗ ಸೇರುವ ಕಾಲು ಗಂಟೆ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಿ. ಹನಿ ಬಿದ್ದರೆ ಅಂಗಿಯ ಚುಂಗಿನಿಂದ ಉಜ್ಜಬೇಡಿ, ಮುರಕಲ್ಲಿನ (ಜಂಬಿಟ್ಟಿಗೆಯ) ದೂಳು ಗೀರು ಹಾಕುತ್ತದೆ; ಊದಿ, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಿರಿ. ಮನೆಗೆ ಬಂದು ಒದ್ದೆ ಚೀಲದಲ್ಲೇ ಇಟ್ಟರೆ ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತದೆ, ಆಮೇಲೆ ಬಿಚ್ಚಿಸದೆ ಗತಿಯಿಲ್ಲ. ಫ್ಯಾನಿನಡಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಹುಡಿ ಸಂದಿಗೆ ಸೇರುತ್ತದೆ.

ಕೊಡೆ ಹಿಡಿದರೆ ಉಳಿಯುವುದು ಒಂದೇ ಕೈ. ರೈನ್‌ಕೋಟಿನ ಟೊಪ್ಪಿ ಕಿವಿ ಮುಚ್ಚುತ್ತದೆ. ಅಗಲ ಅಂಚಿನ ಹ್ಯಾಟು ಎರಡಕ್ಕೂ ಪರಿಹಾರ. ಬರೆಯಲು ಪೆನ್ಸಿಲ್. ಹಾವಸೆ ಹಿಡಿದ ಪಾರೆಯ ಮೇಲೆ ಕಾಲಿಡಬೇಡಿ. ಗುಡುಗು ಕೇಳಿದರೆ ಬಯಲು ಪದವಿನಿಂದ (ಗುಡ್ಡದ ಮೇಲಿನ ಸಮತಟ್ಟಿನಿಂದ) ಮೊದಲು ಇಳಿಯಿರಿ.

8.40ಕ್ಕೆ ಒದ್ದೆ ರಸ್ತೆಯ ಅಂಚಿನಲ್ಲಿ ಚಳಿಗಾಲಕ್ಕೆ ವಲಸೆ ಬರುವ ಬೂದು ಸಿಪಿಲೆ ಹಕ್ಕಿ ಒಂದು, ಹಳದಿ ಹೊಟ್ಟೆ, ನಿಲ್ಲದೆ ಕುಣಿಯುವ ಬಾಲ. ಈ ಹಂಗಾಮಿನ ಮೊದಲನೆಯದು, ತಾರೀಕು ಗುರುತು ಹಾಕಿದೆ. ಇನ್ನು ಹಾಗೆಯೇ ವಲಸೆ ಬರುವ ನವರಂಗ ಹಕ್ಕಿ: ನಸುಕಿನಲ್ಲಿ ಎರಡು ಸ್ವರದ ಸಿಳ್ಳೆ ಕೇಳುತ್ತದೆಯೇ ನೋಡಬೇಕು.