ಆಡಿಯೊಬುಕ್ ಕೇಳೋಕೆ ಟೈಮ್ ಎಲ್ಲಿಂದ ತರ್ತೀರಿ?

"ನಿಮಗೇನಪ್ಪ, ಟೈಮ್ ಇದೆ, ಕೇಳ್ತೀರಿ. ನಮಗೆಲ್ಲಿ ಪುರುಸೊತ್ತು?"

ಆಡಿಯೊಬುಕ್ ವಿಷಯ ಎತ್ತಿದ ಕೂಡಲೇ ಬರುವ ಮಾತು ಇದು. ಎಷ್ಟು ಸಲ ಬಾಯಿಮಾತಿನಲ್ಲಿ ಉತ್ತರಿಸುವುದು? ಅದಕ್ಕೇ ಬರೆದಿಡುತ್ತಿದ್ದೇನೆ. ಆ "ನಿಮಗೇನಪ್ಪ" ಅನ್ನುವುದೇ ನನಗೆ ಹಿಡಿಸುವುದಿಲ್ಲ. ಪುಸ್ತಕ ಕೇಳುವವರು ಕೆಲಸವಿಲ್ಲದವರು ಎಂಬ ತೀರ್ಪು ಅದರೊಳಗೇ ಕೂತಿದೆ. ಪುರುಸೊತ್ತಿದ್ದವರು ಪುಸ್ತಕ ಬಿಡಿಸಿಕೊಂಡು ಕೂರುತ್ತಾರೆ. ಆಡಿಯೊಬುಕ್ ಬೇಕಾಗಿರುವುದು ಪುರುಸೊತ್ತಿಲ್ಲದವರಿಗೆ.

ಹುಡುಕಬೇಕಾದದ್ದು ಬಿಡುವಿನ ಹೊತ್ತನ್ನಲ್ಲ, ಕೈಗೆ ಕೆಲಸವಿದ್ದು ಮಾತಿಗೆ ಕೆಲಸವಿಲ್ಲದ ಹೊತ್ತನ್ನು. ಅವರೆಕಾಯಿ ಕಾಲ ತಗೊಳ್ಳಿ. ಒಂದು ಕೆಜಿ ಕಾಯಿ ಸುಲಿಯಲು ಹತ್ತಿರ ಹತ್ತಿರ ಅರ್ಧ ಗಂಟೆ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿಚುಕಿ, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಹಾಕುವುದಕ್ಕೆ ಇನ್ನರ್ಧ ಗಂಟೆ. ಬೆರಳು ತಾನಾಗಿ ಓಡುತ್ತಿರುತ್ತದೆ, ಕಿವಿ ಪೂರ್ತಿ ಖಾಲಿ. ಸೊಪ್ಪು ಬಿಡಿಸುವುದು, ಪಾತ್ರೆ ತೊಳೆಯುವುದು, ಬಟ್ಟೆ ಮಡಚುವುದು, ವಾಕಿಂಗ್ ಎಲ್ಲವೂ ಇದೇ ಜಾತಿ. ವಾಟ್ಸಾಪ್‌ಗೆ ಉತ್ತರ ಬರೆಯುವುದು, ಲೆಕ್ಕ ನೋಡುವುದು, ಮಕ್ಕಳ ಹೋಮ್‌ವರ್ಕ್ ಈ ಜಾತಿಯವಲ್ಲ. ಎರಡು ಕಡೆಯ ಮಾತು ಒಟ್ಟಿಗೆ ತಲೆಗೆ ಇಳಿಯುವುದಿಲ್ಲ, ಎರಡೂ ಕೆಡುತ್ತವೆ. ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಹತ್ತು ಗಂಟೆಯ ಕಾದಂಬರಿ 20 ದಿನದಲ್ಲಿ ಮುಗಿಯುತ್ತದೆ.

"ಶುರು ಮಾಡಿದ್ದೆ, ತಲೆಗೇ ಹೋಗಲಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಮೊದಲ ಅಧ್ಯಾಯವನ್ನೇ ಕೆಲಸದ ನಡುವೆ ಕೇಳಿರುತ್ತಾರೆ. ಪಾತ್ರಗಳ ಹೆಸರು, ನೆಂಟಸ್ತಿಕೆ, ಊರು ಎಲ್ಲ ಬಂದು ಬೀಳುವುದು ಅಲ್ಲೇ. ಪುಸ್ತಕವಾದರೆ ಹಾಳೆ ಹಿಂದಕ್ಕೆ ತಿರುವುತ್ತೀರಿ, ಇಲ್ಲಿ ಅದು ಅಷ್ಟು ಸುಲಭವಲ್ಲ. ಮೊದಲ 20 ನಿಮಿಷ ಸುಮ್ಮನೆ ಕೂತು ಕೇಳಿ, ನಾಲ್ಕೈದು ಹೆಸರು ಚೀಟಿಯಲ್ಲಿ ಗೀಚಿಕೊಳ್ಳಿ. ಆಮೇಲೆ ಅಡುಗೆಮನೆಗೆ ಹೋಗಿ.

ಫೋನ್‌ನಲ್ಲಿ ಮಾಡಬೇಕಾದ ಕೆಲಸ ಸ್ವಲ್ಪವೇ. ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. 64 ಕೆಬಿಪಿಎಸ್ ಗುಣಮಟ್ಟದ ಫೈಲ್ ಗಂಟೆಗೆ ಸುಮಾರು 29 ಎಂಬಿ, ಹತ್ತು ಗಂಟೆಯ ಪುಸ್ತಕಕ್ಕೆ 300 ಎಂಬಿ ಸಾಕು. ಮೆಜೆಸ್ಟಿಕ್ ದಾಟಿ ಮೆಟ್ರೊ ಸುರಂಗದಲ್ಲಿ ಓಡುವಾಗ ನೆಟ್‌ವರ್ಕ್ ಹೋಯಿತೆಂದು ಕಥೆ ನಿಲ್ಲುವುದಿಲ್ಲ. ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಓದು ತಾನೇ ನಿಂತುಹೋದರೆ ಅದು ಹೆಚ್ಚಾಗಿ ಬ್ಯಾಟರಿ ಉಳಿಸುವ ವ್ಯವಸ್ಥೆಯ ಕೆಲಸ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಬಳಕೆಯನ್ನು 'ಅನ್‌ರೆಸ್ಟ್ರಿಕ್ಟೆಡ್' ಮಾಡಿ. ಮಲಗುವಾಗ ಕೇಳುವವರು ಓದನ್ನು ತಾನಾಗಿ ನಿಲ್ಲಿಸುವ ಸ್ಲೀಪ್ ಟೈಮರ್ 15 ನಿಮಿಷಕ್ಕಿಡಿ, ಇಲ್ಲದಿದ್ದರೆ ಬೆಳಗ್ಗೆ ಎಲ್ಲಿ ಬಿಟ್ಟಿದ್ದೆವೆಂದು ಹುಡುಕುವುದರಲ್ಲೇ ಬೇಸರ ಬರುತ್ತದೆ. ರಸ್ತೆಯಲ್ಲಿ ನಡೆಯುವಾಗ ಇಯರ್‌ಫೋನ್ ಒಂದೇ ಕಿವಿಗೆ ಹಾಕಿ, ಎರಡೂ ಕಡೆಯ ದನಿ ಒಂದರಲ್ಲೇ ಕೇಳಿಸುವ ಮೊನೊ ಆಡಿಯೊ ಆನ್ ಮಾಡಿ. ಬೈಕ್, ಸ್ಕೂಟರ್ ಮೇಲೆ ಬೇಡವೇ ಬೇಡ.

ಕನ್ನಡದಲ್ಲಿ ಕೇಳುವವರು ವಿಶೇಷವಾಗಿ ತಿಳಿದಿರಬೇಕಾದದ್ದು ಒಂದಿದೆ. ನಮ್ಮ ವಾಕ್ಯದ ಜೀವ ಕೊನೆಯಲ್ಲಿರುತ್ತದೆ. ಬಂದದ್ದು ಅವನೋ ಅವಳೋ, ಬರುತ್ತಾನೋ ಬರಲಾರನೋ, ಎಲ್ಲ ಗೊತ್ತಾಗುವುದು ಕೊನೆಯ ಒಂದು ಪದದಲ್ಲಿ. 'ಹೇಳಿದ ಮಾತು', 'ಹೇಳದ ಮಾತು' ಇವೆರಡರ ನಡುವೆ ಇರುವುದು ಒಂದು ಗುಡಿಸು ಮಾತ್ರ. ಆ ಗಳಿಗೆಗೆ ಸರಿಯಾಗಿ ಕುಕ್ಕರ್ ಕೂಗಿದರೆ ಅರ್ಥವೇ ಉಲ್ಟಾ. ಆದ್ದರಿಂದ ಮಿಕ್ಸಿ ಹಾಕುವಾಗ ಪಾಸ್ ಮಾಡಿ, ವಾಲ್ಯೂಮ್ ಏರಿಸಬೇಡಿ. ದೊಡ್ಡವರ ಕಿವಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಅದರ ಮೇಲೆ 3 ಡೆಸಿಬೆಲ್ ಏರಿದರೂ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹಿಂದಕ್ಕೆ ಹೋಗುವ ಬಟನ್ 10 ಸೆಕೆಂಡ್‌ಗಿದ್ದರೆ 30ಕ್ಕೆ ಬದಲಿಸಿ. ಉದ್ದ ವಾಕ್ಯದ ನಡುವೆ ಹೋಗಿ ಬಿದ್ದರೆ ಏನೂ ತಿಳಿಯುವುದಿಲ್ಲ. ವೇಗವೂ ಅಷ್ಟೇ. 1.5 ಪಟ್ಟು ವೇಗದಲ್ಲಿ ಹತ್ತು ಗಂಟೆಯ ಪುಸ್ತಕ 6 ಗಂಟೆ 40 ನಿಮಿಷಕ್ಕೆ ಮುಗಿಯುತ್ತದೆ, ನಿಜ. ಆದರೆ ಹ್ರಸ್ವ, ದೀರ್ಘ, ಒತ್ತಕ್ಷರ ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಮಾಹಿತಿಯ ಪುಸ್ತಕಕ್ಕೆ 1.25 ಸರಿ, ಕಾದಂಬರಿಯನ್ನು ಓದಿದ ವೇಗದಲ್ಲೇ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ "ಕೇಳಿದರೆ ಓದಿದ ಹಾಗಾಗುತ್ತಾ?" ಅನ್ನುವವರಿದ್ದಾರೆ. ಕುಮಾರವ್ಯಾಸನ ಭಾರತ ನಮ್ಮ ಹಳ್ಳಿಗಳಲ್ಲಿ ಉಳಿದುಬಂದದ್ದು ಹೇಗೆ? ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಿದ್ದರು, ಅಕ್ಷರ ಬಾರದವರೂ ಕೂತು ಕೇಳಿ ಪದ್ಯ ಬಾಯಿಪಾಠ ಮಾಡಿಕೊಂಡರು. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕವೆಂಬ ಈ ವಾಚನದ ವಿದ್ಯೆಗೇ.

ಗಮಕ ಕೇಳಲು ಹೋಗುವವರು ಮೊದಲು ವಿಚಾರಿಸುವುದು "ಯಾರದು ವಾಚನ?" ಎಂದು. ನನ್ನನ್ನೂ ಹಾಗೆ ಕೇಳಬಾರದೇ? ಟೈಮ್ ಬಗ್ಗೆ ಬೇಡ, "ಯಾರು ಓದಿದ್ದಾರೆ, ಹೇಗೆ ಓದಿದ್ದಾರೆ?" ಎಂದು ಕೇಳಿ. ಪುಸ್ತಕ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ದನಿ ಸರಿಯಿಲ್ಲದೆ. ಧಾರವಾಡದ ಅಜ್ಜಿ "ಎಲ್ಲಿಗೆ ಹೊಂಟೀಯೋ?" ಅಂದಾಗ ಓದುವವರು ಅದನ್ನು ವಾರ್ತೆಯ ರಾಗದಲ್ಲಿ ಒಪ್ಪಿಸಿದರೆ ಅಜ್ಜಿ ಅಲ್ಲೇ ಸತ್ತಳು. ಕೊಳ್ಳುವ ಮೊದಲು ಸ್ಯಾಂಪಲ್ ಐದು ನಿಮಿಷ ಕೇಳಿ. ವರ್ಣನೆಯನ್ನು ಎಲ್ಲರೂ ಓದುತ್ತಾರೆ, ಇಬ್ಬರು ಮಾತಾಡುವ ಭಾಗ ಬರುವವರೆಗೆ ಕಾಯಿರಿ. 'ಅಂದ', 'ಅಂದಳು' ಬರುವ ಮೊದಲೇ ಮಾತು ಯಾರದೆಂದು ಗೊತ್ತಾಯಿತೇ? 'ಆಡು', 'ಹಾಡು' ಬೇರೆಬೇರೆಯಾಗಿ ಕೇಳಿಸಿದವೇ? ಎರಡಕ್ಕೂ ಹೌದು ಅನಿಸಿದರೆ ತಗೊಳ್ಳಿ.