ಮಳೆ ಮಾಪಕ, ಮೂರನೇ ಕಂತು: ಕಣದಲ್ಲಿ 7 ಬೈಟ್, ಮನೆಯಲ್ಲಿ 12

ಜೂನ್ 28

ಕೊಡಗಿನ ನಾಪೋಕ್ಲು ಕಡೆ ಎರಡು ದಿನದಿಂದ ಕರೆಂಟಿಲ್ಲ. ಇನ್ವರ್ಟರ್ ಕೂಗೋದರೊಳಗೆ ಇಷ್ಟು ಬರೆದಿಡ್ತೀನಿ.

ಕಾಫಿ ಕಣದ ಮೂಲೆಯಲ್ಲಿ ಕೂರಿಸಿದ ಮಾಪಕದ ಕೆಲಸ ಸರಳ. ಒಳಗಿನ ಪುಟ್ಟ ತೊಟ್ಟಿ 0.2 ಮಿ.ಮೀ. ಮಳೆಗೆ ಒಂದ್ಸಲ ಮಗುಚುತ್ತೆ, ಆಯಸ್ಕಾಂತಕ್ಕೆ ಕೂಡುವ ರೀಡ್ ಸ್ವಿಚ್ ಟಿಕ್ ಅನ್ನುತ್ತೆ, ಎಟಿಮೆಗಾ328ಪಿ ಅನ್ನೋ ಪುಟ್ಟ ಚಿಪ್ ಎಣಿಸಿ ಹತ್ತು ನಿಮಿಷಕ್ಕೊಮ್ಮೆ ಲೋರಾ ಅನ್ನೋ ರೇಡಿಯೋದಲ್ಲಿ ಮನೆಗೆ ಕಳಿಸುತ್ತೆ. ಮನೆಯಲ್ಲಿರೋ ಇನ್ನೊಂದು ಚಿಪ್, ಇಎಸ್‌ಪಿ32, ಅದನ್ನ ಹಿಡಿದು ಪರದೆಗೆ ಹಾಕುತ್ತೆ. ಬೆಳಿಗ್ಗೆ ಎಂಟಕ್ಕೆ ಎಣಿಕೆ ಮತ್ತೆ ಸೊನ್ನೆ.

ಇವತ್ತು ಪರದೆಯಲ್ಲಿ 10,01,472 ಟಿಕ್. ಅಂದ್ರೆ 200 ಮೀಟರ್ ಮಳೆ!

ಅಪ್ಪ ಬಂದು ಬಗ್ಗಿ ನೋಡಿದ್ರು. "ಇಂಚಲ್ಲಿ ಎಷ್ಟಾಯ್ತು?"

"7,885."

"ಭಾಗಮಂಡಲದಲ್ಲೂ ಅಷ್ಟು ಬರಲ್ಲ ಬಿಡು," ಅಂದು ತಮ್ಮ ಗಾಜಿನ ಅಳತೆಯದನ್ನೇ ಡೈರಿಗೆ ಬರೆದುಕೊಂಡ್ರು.

ಜೂನ್ 29

ಇನ್ನೊಂದು ವಿಚಿತ್ರ. ರಾತ್ರಿ ಜೋರು ಮಳೆ ಹೊಡೆದಾಗ ಎಣಿಕೆ ಇಳೀತಾ ಹೋಯ್ತು. ಬೆಳಿಗ್ಗೆ ಒಂದು ಗಳಿಗೆ ಬಿಸಿಲು ಇಣುಕಿದ್ದೇ ತಡ, "ಮಳೆ" ಏರಿತು. ಬ್ಯಾಟರಿ ವೋಲ್ಟೇಜ್ ಮಾತ್ರ ಸದಾ ಸೊನ್ನೆ.

ಬಂದ ಅಂಕಿಗಳೆಲ್ಲ 256ರಿಂದ ಸರಿಯಾಗಿ ಭಾಗವಾಗ್ತಿದ್ವು. 10,01,472ನ್ನು 256ರಿಂದ ಭಾಗಿಸಿದ್ರೆ 3,912. ಅದು ಬ್ಯಾಟರಿಯ ಮಿಲಿವೋಲ್ಟ್! ಸೋಲಾರ್ ಪ್ಯಾನಲ್ಲಿಗೆ ಬೆಳಕು ಬಿದ್ದಷ್ಟೂ ನಮ್ಮ ಮನೆಯಲ್ಲಿ ಮಳೆ.

ಎರಡೂ ಚಿಪ್ಪಿನ ಸಿ ಪ್ರೋಗ್ರಾಮಿಗೆ ಒಂದೇ ಹೆಡರ್ ಫೈಲ್ (ಇಬ್ಬರೂ ಹಂಚಿಕೊಳ್ಳೋ ಕಡತ), ಅದರಲ್ಲಿ ಒಂದೇ ಸ್ಟ್ರಕ್ಟ್ (ಕೆಲವು ಅಂಕಿಗಳನ್ನ ಒಟ್ಟಿಗೆ ಕಟ್ಟಿದ ಗಂಟು): ಮಾಪಕದ ನಂಬರಿಗೆ 1 ಬೈಟ್, ಟಿಕ್ ಎಣಿಕೆಗೆ 4, ಬ್ಯಾಟರಿಗೆ 2. ಎಟಿಮೆಗಾ ಎಂಟು ಬಿಟ್ಟಿನ ಎವಿಆರ್ ಕುಟುಂಬದ್ದು. ಅದಕ್ಕೆ ಅಲೈನ್‌ಮೆಂಟಿನ, ಅಂದ್ರೆ ಅಂಕಿ ಮೆಮೊರಿಯಲ್ಲಿ ಎಲ್ಲಿಂದ ಶುರುವಾಗಬೇಕು ಅನ್ನೋದರ, ಗೊಡವೆ ಇಲ್ಲ, ಒತ್ತಾಗಿ ಜೋಡಿಸಿ 7 ಬೈಟ್ ಮಾಡುತ್ತೆ. ಇಎಸ್‌ಪಿ32ಗೆ ನಾಲ್ಕು ಬೈಟಿನ ಅಂಕಿ ನಾಲ್ಕರ ಗುಣಕದಲ್ಲೇ ಶುರುವಾಗಬೇಕು. ಹಾಗಾಗಿ ನಂಬರ್ ಆದಮೇಲೆ 3 ಬೈಟ್ ಖಾಲಿ, ಕೊನೆಗೆ ಇನ್ನೆರಡು, ಒಟ್ಟು 12. ನಾನು ಬಂದ 7 ಬೈಟನ್ನ ಕಣ್ಣುಮುಚ್ಚಿ ಮೆಮ್‌ಕಾಪಿ ಮಾಡಿ, ಇದ್ದ ಹಾಗೇ ಸ್ಟ್ರಕ್ಟಿಗೆ ಸುರಿದಿದ್ದೆ. ನಿಜವಾದ ಎಣಿಕೆಯ ಮೊದಲ ಮೂರು ಬೈಟ್ ಆ ಖಾಲಿ ಜಾಗಕ್ಕೆ ಬಿದ್ದು ಕಳೆದುಹೋದ್ವು, ಬ್ಯಾಟರಿಯ ಬೈಟು ಎಣಿಕೆಯ ಜಾಗಕ್ಕೆ ನುಗ್ಗಿದ್ವು. ಒಂದು ವಾರ್ನಿಂಗೂ ಇಲ್ಲ. ಕೋಡನ್ನ ಚಿಪ್ಪಿನ ಭಾಷೆಗೆ ತಿರುಗಿಸೋ ಕಂಪೈಲರನ್ನ ಬೈಯೋ ಹಾಗೂ ಇಲ್ಲ, ಒಂದರ ಲೆಕ್ಕ ಇನ್ನೊಂದಕ್ಕೆ ಹೇಗೆ ಗೊತ್ತಾಗಬೇಕು?

ಜುಲೈ 2

ಸ್ಟ್ರಕ್ಟ್ ಎರಡೂ ಕಡೆ 7 ಬೈಟೇ ಇರಬೇಕು ಅನ್ನೋ ಮಾತನ್ನ ಹೆಡರಿನಲ್ಲೇ ಬರೆದಿಡೋಣ ಅಂತ ಹೊರಟೆ. ಮೊದಲು ಹ್ಯಾಶ್ ಇಫ್ ಷರತ್ತು ಹಾಕಿ ಸೈಜ್‌ಆಫ್ (ಬೈಟಿನಲ್ಲಿ ಅದರ ಅಳತೆ) 7 ಇದೆಯಾ ಅಂತ ಕೇಳಿದೆ. ಎರರ್. ಹ್ಯಾಶ್ ಸಾಲುಗಳನ್ನ ನೋಡಿಕೊಳ್ಳೋ ಪ್ರೀಪ್ರೊಸೆಸರ್‌ಗೆ ಸ್ಟ್ರಕ್ಟ್ ಅಂದ್ರೇನು ಅಂತಲೇ ಗೊತ್ತಿಲ್ಲ, ಅದರ ಪಾಳಿ ಮುಗಿದ ಮೇಲೆ ಟೈಪುಗಳ ಲೆಕ್ಕ ಶುರುವಾಗೋದು.

ಇದಕ್ಕೆ ಅಂತಲೇ ಸಿ ಭಾಷೆಯ 2011ರ ಆವೃತ್ತಿ ಸಿ11ರಲ್ಲಿ ಸ್ಟ್ಯಾಟಿಕ್ ಅಸರ್ಟ್ ಬಂದಿದೆ. ಷರತ್ತು ಸುಳ್ಳಾದ್ರೆ ಬಿಲ್ಡ್ ಅಲ್ಲೇ ನಿಲ್ಲುತ್ತೆ. ಅದಕ್ಕೂ ಮುಂಚೆ ಜನ ಷರತ್ತು ತಪ್ಪಿದ್ರೆ ಅರೇ (ಒಂದೇ ಬಗೆಯ ಅಂಕಿಗಳ ಸಾಲು) ಅಳತೆ ಮೈನಸ್ ಒಂದು ಆಗೋ ಹಾಗೆ ಟೈಪ್‌ಡೆಫ್ (ಟೈಪಿಗೆ ಹೆಸರಿಡೋ ಸಾಲು) ಬರೀತಿದ್ರು. ಮೈನಸ್ ಅಳತೆಯ ಅರೇ ಸಿಯಲ್ಲಿ ಇರೋ ಹಾಗಿಲ್ಲವಲ್ಲ. ಲಿನಕ್ಸ್ ಕರ್ನಲ್ಲಿನ ಬಿಲ್ಡ್ ಬಗ್ ಆನ್ ಅನ್ನೋ ತಪಾಸಣೆ ಕೂಡ ಹಿಂದೆ ಇದೇ ಉಪಾಯದ ಮೇಲೆ ನಿಂತಿತ್ತು. ಜಾಣತನ ಸರಿ, ಆದ್ರೆ ಎರರ್ ಓದಿದವನಿಗೆ ತಲೆಬುಡ ತಿಳಿಯಲ್ಲ.

ಮಾಮೂಲಿ ಅಸರ್ಟ್ ಯಾಕೆ ಬೇಡ? ಅದು ಓಡುವಾಗ ನಿಲ್ಲುತ್ತೆ. ಕಣದ ಮೂಲೆಯಲ್ಲಿ, ಮಳೆಯಲ್ಲಿ, ಡಬ್ಬಿಯೊಳಗೆ ನಿಂತ್ರೆ ನೋಡೋರು ಯಾರು, ಜಿಗಣೆಗಳಾ? ಸ್ಟ್ಯಾಟಿಕ್ ಅಸರ್ಟ್ ಚಿಪ್ಪಿಗೆ ಹೋಗೋದೇ ಇಲ್ಲ. ಪ್ರೋಗ್ರಾಂ ಕೂರೋ 32 ಕೆಬಿ ಫ್ಲ್ಯಾಶಿನಲ್ಲಿ ಒಂದು ಬೈಟೂ ತಿನ್ನಲ್ಲ.

ಸಾಲು ಹಾಕಿದೆ. ಎವಿಆರ್ ಬಿಲ್ಡ್ ಪಾಸ್, ಇಎಸ್‌ಪಿ32 ಬಿಲ್ಡ್ ಫೇಲ್. ಎರರ್ ನೋಡಿ ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು.

ಖಾಲಿ ಜಾಗ ಬಿಡಬೇಡ ಅಂತ ಕಂಪೈಲರಿಗೆ ಹೇಳೋಕೆ ಪ್ಯಾಕ್ಡ್ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ನನಗೆ ಮನಸ್ಸಾಗಲಿಲ್ಲ: ಅಲೈನ್ ಆಗದ ಅಂಕಿಗೆ ಪಾಯಿಂಟರ್ (ಮೆಮೊರಿ ವಿಳಾಸ) ಹಿಡಿದು ಮುಂದೊಂದು ದಿನ ನಾನೇ ಎಡವೋದು ಖಂಡಿತ. ಬದಲಿಗೆ ದೊಡ್ಡದನ್ನ ಮುಂದಕ್ಕೆ ತಂದೆ. ಎಣಿಕೆ 4, ಬ್ಯಾಟರಿ 2, ನಂಬರ್ 1, ಮೀಸಲು 1. ಎರಡೂ ಕಡೆ 8. ಪ್ರತಿ ಫೀಲ್ಡಿಗೂ ಆಫ್‌ಸೆಟ್‌ಆಫ್ (ಅದು ಎಷ್ಟನೇ ಬೈಟಿನಲ್ಲಿ ಶುರುವಾಗುತ್ತೆ ಅನ್ನೋದು) ಹಾಕಿ ಒಂದೊಂದು ಅಸರ್ಟ್. ಎರಡೂ ಚಿಪ್ ಲಿಟಲ್ ಎಂಡಿಯನ್, ಅಂದ್ರೆ ಅಂಕಿಯ ಚಿಕ್ಕ ಬೈಟನ್ನ ಮೊದಲು ಇಡೋವು, ಆಗಿದ್ದು ನನ್ನ ಪುಣ್ಯ. ಅದಕ್ಕೂ ಜಿಸಿಸಿ ಕಂಪೈಲರಿನ ಬೈಟ್ ಆರ್ಡರ್ ಮ್ಯಾಕ್ರೋ ಹಿಡಿದು ಒಂದು ಸಾಲು. ಬಂದ ಪ್ಯಾಕೆಟ್ ನಿಜಕ್ಕೂ 8 ಬೈಟ್ ಇದೆಯಾ ಅನ್ನೋದು ಮಾತ್ರ ಓಡುವಾಗಲೇ ನೋಡಬೇಕಾದ್ದು, ಅಲ್ಲಿ ಸಾದಾ ಇಫ್.

ಆಗಸ್ಟ್ 3

ಇವತ್ತು ಕೊಡವರ ಕಕ್ಕಡ ಮಾಸದ 18. ಮದ್ದು ಸೊಪ್ಪಿನ ಪಾಯಸ ಎರಡು ಬಟ್ಟಲು ಇಳಿಸಿ, ತೂಕಡಿಸ್ತಾ ಸ್ಟ್ರಕ್ಟಿಗೆ ಉಷ್ಣಾಂಶದ 2 ಬೈಟ್ ಸೇರಿಸಿದೆ. ಬಿಲ್ಡ್ ಎರಡು ಅಸರ್ಟಿಗೆ ಸಿಕ್ಕಿ ನಿಂತಿತು. ಅಳತೆ ತಪ್ಪುತ್ತೆ ಅಂತ ಗೊತ್ತಿತ್ತು. ಎರಡನೆಯದು ನೆನಪೇ ಇರಲಿಲ್ಲ: ಸಿಗ್ನಲ್ ಸಿಗದಾಗ ಅಂತ 128 ದಾಖಲೆ ಎಟಿಮೆಗಾದ ಈಪ್ರಾಮಿನಲ್ಲಿ (ಕರೆಂಟು ಹೋದ್ರೂ ಅಳಿಯದ ಮೆಮೊರಿ) ಇಡ್ತೀನಿ. ಅಲ್ಲಿರೋದು 1,024 ಬೈಟ್. ದಾಖಲೆಗೆ 8 ಆದ್ರೆ ಕೂದಲೆಳೆ ಜಾಗ ಉಳಿಯದ ಹಾಗೆ ತುಂಬುತ್ತೆ, 10 ಆದ್ರೆ 1,280 ಬೇಕು. ಜುಲೈಯಲ್ಲಿ ಯಾವತ್ತೋ ಅದಕ್ಕೂ ಒಂದು ಅಸರ್ಟ್ ಬರೆದಿಟ್ಟಿದ್ದೆ. ಉಷ್ಣಾಂಶ ಮೀಸಲು ಬೈಟಿಗೇ ಹೋಯ್ತು, ಪೂರ್ತಿ ಡಿಗ್ರಿ ಸಾಕು.

ಆಗಸ್ಟ್ 5

ಇವತ್ತು 182 ಟಿಕ್. 36.4 ಮಿ.ಮೀ., ಅಂದ್ರೆ 1 ಇಂಚು 43 ಸೆಂಟ್ (ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ). ಅಪ್ಪನ ಡೈರಿಯಲ್ಲಿ 1 ಇಂಚು 46.

"ಮೂರು ಸೆಂಟ್ ಎಲ್ಲಿ ಹೋಯ್ತು?"

ಜೋರು ಮಳೆಯಲ್ಲಿ ತೊಟ್ಟಿ ಮಗುಚೋ ಹೊತ್ತಿಗೆ ಬೀಳೋ ನೀರು ಲೆಕ್ಕಕ್ಕೆ ಸಿಗಲ್ಲ ಅಂತ ಹೇಳಿದೆ. ಅಪ್ಪ ಡೈರಿ ಮಡಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ರು.